ಗೋರಿಗಳೇ ಕಡತಗಳಾದ ಊರು

ಉರಲ್ ಪರ್ವತಗಳ ಪೂರ್ವದ ಮಗ್ಗುಲಿಗೆ ಆತುಕೊಂಡಿರುವ ಯೆಕಟೆರಿನ್‌ಬರ್ಗ್ ನಗರದ ಪಶ್ಚಿಮದ ಅಂಚಿನಲ್ಲಿ ಒಂದು ದೊಡ್ಡ ಸ್ಮಶಾನವಿದೆ. ಹೆಸರು ಶಿರೋಕೊರೆಚೆನ್ಸ್‌ಕೊಯೆ. ಪೈನ್ ಮತ್ತು ಬರ್ಚ್ ಮರಗಳ ನೆರಳಿನಲ್ಲಿ ಪ್ರಾಧ್ಯಾಪಕರು, ಕಲಾವಿದರು, ಎಂಜಿನಿಯರುಗಳು ಅಲ್ಲಿ ಮಲಗಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡು ಈ ಊರಿನ ಆಸ್ಪತ್ರೆಗಳಲ್ಲಿ ಕೊನೆಯುಸಿರೆಳೆದ ಸೈನಿಕರಿಗೂ ಅಲ್ಲಿಯೇ ಜಾಗ. ಆದರೆ ಹೊರಗಿನಿಂದ ಬರುವ ಪ್ರವಾಸಿಗಳು ಕೇಳಿಕೊಂಡು ಹೋಗುವುದು ಇವರ ಗೋರಿಗಳನ್ನಲ್ಲ.

ಅಲ್ಲಿ ಒಂದು ಕಡೆ ಆಳೆತ್ತರವನ್ನೂ ಮೀರಿದ ನುಣುಪುಗಲ್ಲಿನ ಚಪ್ಪಡಿಗಳು ಎದ್ದು ನಿಂತಿವೆ. ಅವುಗಳ ಮೇಲೆ ತರುಣರ ಪೂರ್ಣಾಕೃತಿಗಳು. ಫೋಟೋ ನೋಡಿ ಕಲ್ಲಿನ ಮೇಲೆ ಗೀರಿದ ಚಿತ್ರಗಳಾದ್ದರಿಂದ ಅಂಗಿಯ ಗುಂಡಿ, ಕೊರಳಿನ ಸರ, ಪ್ಯಾಂಟಿನ ಮಡಿಕೆ ಎಲ್ಲವೂ ಸ್ಪಷ್ಟ. ಕೆಲವರು ಸೂಟು ತೊಟ್ಟಿದ್ದಾರೆ, ಕೆಲವರು ತೊಗಲಿನ ಜಾಕೀಟು. ಎಲ್ಲಕ್ಕಿಂತ ಹೆಸರಾದ ಕಲ್ಲು 1994ರಲ್ಲಿ ಗುಂಡಿಗೆ ಬಲಿಯಾದ ಮಿಖಾಯಿಲ್ ಕೂಚಿನ್ ಎಂಬಾತನದು. ಸಲೀಸಾಗಿ ನಿಂತಿರುವ ಆತನ ಕೈಯಲ್ಲಿ ಬೆಂಜ್ ಕಾರಿನ ಕೀಲಿ. ಇನ್ನೇನು ಕಾರು ಹತ್ತಿ ಹೊರಟೇಬಿಡುವವನ ಹಾಗೆ ಮೂವತ್ತು ವರ್ಷಗಳಿಂದ ಆತ ಅಲ್ಲಿಯೇ ನಿಂತಿದ್ದಾನೆ.

ಈ ಕಲ್ಲುಗಳ ಮೇಲಿನ ವರ್ಷಗಳನ್ನು ಓದುತ್ತ ಹೋದರೆ ಒಂದು ಲೆಕ್ಕ ಸಿಗುತ್ತದೆ. ಹುಟ್ಟಿದ ವರ್ಷಗಳು ಬೇರೆ ಬೇರೆ. ಸತ್ತ ವರ್ಷಗಳು ಮಾತ್ರ ತೊಂಬತ್ತರ ದಶಕದ ಮೊದಲ ಭಾಗದಲ್ಲಿ ಒತ್ತೊತ್ತಾಗಿ ಬಿದ್ದಿವೆ. ಯುದ್ಧ ಯಾವುದೂ ಘೋಷಣೆಯಾಗಿರಲಿಲ್ಲ. ಆದರೂ ಒಂದು ಊರಿನ ಇಷ್ಟೊಂದು ಗಂಡಸರು ಪ್ರಾಯದಲ್ಲಿಯೇ ಗುಂಡಿಗೆ ಬಿದ್ದರು. ಯಾರು ಇವರು, ಯಾರೊಡನೆ ಕಾದಿದರು, ಕೊನೆಗೆ ಗೆದ್ದವರು ಯಾರು ಎಂದು ಹುಡುಕುತ್ತ ಹೋದರೆ ಸೋವಿಯತ್ ಒಕ್ಕೂಟ ಮುರಿದುಬಿದ್ದ ನಂತರದ ರಷ್ಯದ ಕಥೆಯೇ ತೆರೆದುಕೊಳ್ಳುತ್ತದೆ.

ಮುಚ್ಚಿದ ಊರು

ಯೆಕಟೆರಿನ್‌ಬರ್ಗ್ ಮಾಸ್ಕೋದಿಂದ ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿಗೂ ಮಿಕ್ಕಿದ ದಾರಿ. ಸುಮಾರು 1,800 ಕಿಲೋಮೀಟರ್. 1723ರಲ್ಲಿ ಇಸೆತ್ ನದಿಗೆ ಅಣೆ ಕಟ್ಟಿ, ಆ ನೀರಿನ ಬಲದಿಂದ ಕಬ್ಬಿಣದ ಕಾರ್ಖಾನೆ ನಡೆಸಲು ಎಬ್ಬಿಸಿದ ಊರು ಇದು. ಪೀಟರ್ ದೊರೆಯ ಹೆಂಡತಿ ಕ್ಯಾಥರೀನಳ ಹೆಸರು ಇಟ್ಟರು. 1924ರಿಂದ 1991ರವರೆಗೆ ಬೊಲ್ಷೆವಿಕ್ ನಾಯಕ ಸ್ವೆರ್ಡ್ಲೋವ್‌ನ ಹೆಸರಿನಿಂದ ಸ್ವೆರ್ಡ್ಲೋವ್ಸ್ಕ್. ಈಗ ಹದಿನೈದು ಲಕ್ಷ ಜನ ಇರುವ ಈ ನಗರಕ್ಕೆ ಸೋವಿಯತ್ ಕಾಲದಲ್ಲಿ ವಿದೇಶೀಯರು ಕಾಲಿಡುವಂತಿರಲಿಲ್ಲ. ಸುತ್ತಲೂ ಇದ್ದದ್ದು ಯುದ್ಧಸಾಮಗ್ರಿಯ ಕಾರ್ಖಾನೆಗಳು. 1960ರ ಮೇ 1ರಂದು ಅಮೆರಿಕದ ಯು-2 ಬೇಹುಗಾರಿಕೆ ವಿಮಾನವನ್ನು ಹೊಡೆದು ಉರುಳಿಸಿದ್ದು ಈ ಸೀಮೆಯ ಆಕಾಶದಲ್ಲಿಯೇ.

ಊರಿನ ನಡುವಿನ ಲೆನಿನ್ ರಸ್ತೆಯಲ್ಲಿ ನಡೆದು ಹೋಗುವವರಿಗೆ ಅರ್ಧಚಂದ್ರದ ಆಕಾರದ ಹತ್ತು ಅಂತಸ್ತಿನ ಕಟ್ಟಡವೊಂದು ಎದುರಾಗುತ್ತದೆ. ಇದೂ ಇದರ ಹಿಂದಿನ ಮನೆಗಳ ಸಮೂಹವೂ ಸೇರಿ 'ಚೆಕಿಸ್ಟರ ಊರು'. ಚೆಕಾ ಎಂದರೆ ಲೆನಿನ್ ಕಾಲದಲ್ಲಿ ಹುಟ್ಟಿದ ರಹಸ್ಯ ಪೊಲೀಸ್. ಮುಂದೆ ಹಲವು ಹೆಸರು ಬದಲಿಸಿ ಕೆಜಿಬಿ ಆದದ್ದು ಅದೇ. ಅದರ ನೌಕರರಿಗಾಗಿ 1929ರಿಂದ ಮೂವತ್ತರ ದಶಕದ ನಡುವಿನವರೆಗೆ ಈ ಮನೆಗಳನ್ನು ಕಟ್ಟಿದರು. ಹಲವು ಮನೆಗಳಿಗೆ ಅಡುಗೆಮನೆಯೇ ಇರಲಿಲ್ಲ. ಹೊಸ ಯುಗದ ಮನುಷ್ಯ ಎಲ್ಲರೊಡನೆ ಕೂತು ಉಣ್ಣುತ್ತಾನೆ ಎಂದು ಊಟದ ಸಾಲೆಯೊಂದನ್ನು ಕಟ್ಟಿಕೊಟ್ಟಿದ್ದರು. ಮೇಲಿನಿಂದ ನೋಡಿದರೆ ಕುಡುಗೋಲಿನ ಹಾಗೆ ಕಾಣುತ್ತದೆ ಎಂದು ಊರಿನವರು ತೋರಿಸುತ್ತಾರೆ. 1937-38ರ ಸಾಮೂಹಿಕ ಬಂಧನಗಳ ಕಾಲದಲ್ಲಿ ಇಲ್ಲಿಂದ ರಾತ್ರಿ ಹೊರಟವರು ಬೇರೆಯವರ ಮನೆಯ ಬಾಗಿಲು ಬಡಿದರು. ಸ್ವಲ್ಪ ಕಾಲ ಕಳೆಯುವಷ್ಟರಲ್ಲಿ ಅವರಲ್ಲಿ ಎಷ್ಟೋ ಜನರ ಬಾಗಿಲನ್ನೂ ಯಾರೋ ಬಡಿದರು.

ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಚಿನ್ನದ ಗುಮ್ಮಟಗಳ ಇಗರ್ಜಿಯೊಂದಿದೆ. 1918ರ ಜುಲೈ 16ರ ನಡುರಾತ್ರಿ ಕಳೆದ ಮೇಲೆ ಕೊನೆಯ ಚಕ್ರವರ್ತಿ ಎರಡನೇ ನಿಕೊಲಾಸ್, ಅವನ ಹೆಂಡತಿ, ಐವರು ಮಕ್ಕಳನ್ನು ಗುಂಡಿಟ್ಟು ಕೊಂದ ಇಪಾತ್ಯೆವ್ ಮನೆ ಇದ್ದ ಜಾಗ ಇದು. ಆ ಮನೆ ಈಗಿಲ್ಲ. ಜನ ಅಲ್ಲಿ ಕದ್ದು ಬಂದು ನಮಸ್ಕರಿಸತೊಡಗಿದ್ದರಿಂದ, ಮನೆಯನ್ನು ಕೆಡವುವುದೇ ಒಳ್ಳೆಯದೆಂದು 1975ರಲ್ಲಿ ಕೆಜಿಬಿ ಮುಖ್ಯಸ್ಥ ಯೂರಿ ಆಂದ್ರೊಪೊವ್ ಪಕ್ಷದ ವರಿಷ್ಠರಿಗೆ ಬರೆದರು. 1977ರಲ್ಲಿ ಅದನ್ನು ಕೆಡವಿಸುವ ಕೆಲಸ ಆ ಪ್ರಾಂತದ ಪಕ್ಷದ ಕಾರ್ಯದರ್ಶಿಯ ಪಾಲಿಗೆ ಬಂತು. ಅವರ ಹೆಸರು ಬೋರಿಸ್ ಯೆಲ್ಟ್ಸಿನ್. ಇಗರ್ಜಿ ಕಟ್ಟಿ ಮುಗಿದದ್ದು 2003ರಲ್ಲಿ.

ಕಾಗದ ಹೋಯಿತು, ಕಲ್ಲು ಉಳಿಯಿತು

ಗೋರಿಗಳನ್ನು ಕಡತದಂತೆ ಓದುವುದನ್ನು ಈ ಊರು ಕಲಿತದ್ದು ಗೂಂಡಾಗಳ ಕಾಲದಲ್ಲಲ್ಲ, ಅದಕ್ಕೂ ಮೊದಲು.

1979ರ ಏಪ್ರಿಲ್ ಮೊದಲ ವಾರ ನಗರದ ದಕ್ಷಿಣ ಭಾಗದಲ್ಲಿ ಜನ ಜ್ವರ, ಉಸಿರಾಟದ ತೊಂದರೆ ಎಂದು ಆಸ್ಪತ್ರೆ ಸೇರಿ ಎರಡು ಮೂರು ದಿನಗಳಲ್ಲಿ ಸಾಯತೊಡಗಿದರು. ರೋಗ ಆಂಥ್ರಾಕ್ಸ್. ಕುರಿ, ದನಗಳಿಗೆ ಬರುವ ನೆರಡಿ ರೋಗ ಎಂದು ಕನ್ನಡದ ರೈತರು ಇದನ್ನು ಬಲ್ಲರು. ಕನಿಷ್ಠ 66 ಜನ ಸತ್ತರು. ರೋಗ ತಗುಲಿದ ಮಾಂಸ ತಿಂದು ಸತ್ತರು ಎಂದು ಸರ್ಕಾರ ಹೇಳಿತು. ಆಸ್ಪತ್ರೆಯ ದಾಖಲೆಗಳನ್ನು ಕೆಜಿಬಿಯವರು ಹೊತ್ತೊಯ್ದರು. ಇಬ್ಬರು ವೈದ್ಯರು ಮಾತ್ರ, ಫೈನಾ ಅಬ್ರಮೋವಾ ಮತ್ತು ಲೆವ್ ಗ್ರಿನ್‌ಬರ್ಗ್, ಶವಪರೀಕ್ಷೆಯ ಮಾದರಿಗಳನ್ನೂ ತಮ್ಮ ಟಿಪ್ಪಣಿಗಳನ್ನೂ ಬಚ್ಚಿಟ್ಟರು.

ಹದಿಮೂರು ವರ್ಷಗಳ ಬಳಿಕ, 1992ರಲ್ಲಿ, ಅಮೆರಿಕದ ಜೀವವಿಜ್ಞಾನಿ ಮ್ಯಾಥ್ಯೂ ಮೆಸೆಲ್ಸನ್ ತಂಡದೊಂದಿಗೆ ಇಲ್ಲಿಗೆ ಬಂದರು. ಕಡತಗಳಿರಲಿಲ್ಲ. ಸ್ಮಶಾನಕ್ಕೆ ಹೋಗಿ ಕಲ್ಲುಗಳ ಮೇಲಿನ ಹೆಸರು, ದಿನಾಂಕಗಳನ್ನು ಓದಿದರು. ಮನೆಮನೆಗೆ ಹೋಗಿ ಸತ್ತವರು ಆ ವಾರ ಹಗಲಿನಲ್ಲಿ ಎಲ್ಲಿ ಇದ್ದರು ಎಂದು ಕೇಳಿದರು. ಉತ್ತರಗಳನ್ನು ನಕ್ಷೆಯ ಮೇಲೆ ಗುರುತು ಹಾಕಿದರು. ಬಹುತೇಕ ಗುರುತುಗಳು ಕಿರಿದಾದ ಒಂದೇ ಪಟ್ಟಿಯಲ್ಲಿ ಬಿದ್ದವು. ಆ ಪಟ್ಟಿಯ ಒಂದು ತುದಿಯಲ್ಲಿ ಇದ್ದದ್ದು ಸೇನೆಯ 'ಕಾಂಪೌಂಡ್ 19'. ರೋಗಾಣುಗಳು ಅಲ್ಲಿಂದ ಗಾಳಿಗೆ ಸೇರಿ ಊರಿನ ಮೇಲೆ ಬೀಸಿದ್ದವು. ತಪ್ಪು ಸೇನೆಯದೆಂದು ಆ ಹೊತ್ತಿಗೆ ಅಧ್ಯಕ್ಷರಾಗಿದ್ದ ಯೆಲ್ಟ್ಸಿನ್ ಕೂಡ 1992ರಲ್ಲಿ ಒಪ್ಪಿಕೊಂಡರು. ಸಂಶೋಧನೆಯ ವಿವರ 1994ರಲ್ಲಿ ಪ್ರಕಟವಾಯಿತು. ರಹಸ್ಯ ಪೊಲೀಸರು ಕಾಗದವನ್ನು ಒಯ್ಯಬಲ್ಲರು, ಕಲ್ಲನ್ನು ಒಯ್ಯುವುದು ಅವರಿಗೂ ಮರೆತುಹೋಗಿತ್ತು.

ಕಾರ್ಖಾನೆಯ ಮಕ್ಕಳು

ಯೆಕಟೆರಿನ್‌ಬರ್ಗ್‌ನ ಮೆಟ್ರೋ ರೈಲಿಗೆ ಇರುವುದು ಒಂದೇ ಮಾರ್ಗ. 1991ರ ಏಪ್ರಿಲ್‌ನಲ್ಲಿ, ಅಂದರೆ ಸೋವಿಯತ್ ಒಕ್ಕೂಟದ ಕೊನೆಯ ವರ್ಷದಲ್ಲಿ, ಅದರ ಮೊದಲ ನಿಲ್ದಾಣಗಳು ತೆರೆದವು. ಅವುಗಳಲ್ಲಿ ಒಂದು ಉರಲ್‌ಮಾಷ್. ಮೆಟ್ಟಿಲು ಹತ್ತಿ ಮೇಲೆ ಬಂದವರು ಒಂದು ಕಾರ್ಖಾನೆಯ ಊರಿನೊಳಕ್ಕೆ ಬರುತ್ತಾರೆ. ಅಗಲವಾದ ರಸ್ತೆಗಳು, ಹಳದಿ ಬಣ್ಣದ ಹಳೆಯ ವಸತಿಗೃಹಗಳು, ರಸ್ತೆಯ ತುದಿಯಲ್ಲಿ ಕಾರ್ಖಾನೆಯ ಹೆಬ್ಬಾಗಿಲು. 1933ರಲ್ಲಿ ಕೆಲಸ ಆರಂಭಿಸಿದ ಉರಲ್‌ಮಾಷ್ 'ಕಾರ್ಖಾನೆಗಳನ್ನು ಹೆರುವ ಕಾರ್ಖಾನೆ' ಎಂದು ಹೆಸರಾಗಿತ್ತು. ಯುದ್ಧದ ವರ್ಷಗಳಲ್ಲಿ ಇಲ್ಲಿ ಟ್ಯಾಂಕುಗಳು ತಯಾರಾದವು. ಭಾರತಕ್ಕೂ ಇದಕ್ಕೂ ನಂಟುಂಟು. ಭಿಲಾಯಿ ಉಕ್ಕಿನ ಕಾರ್ಖಾನೆಯ ಯಂತ್ರಗಳಲ್ಲಿ ಉರಲ್‌ಮಾಷ್‌ನವೂ ಇದ್ದವು. ನುಣುಪು ಕಾಗದದ ಅಗ್ಗದ ಸೋವಿಯತ್ ಪುಸ್ತಕಗಳನ್ನು ಓದಿ ಬೆಳೆದ ಕನ್ನಡದ ತಲೆಮಾರಿಗೆ ರಷ್ಯ ಎಂದರೆ ಕಣ್ಣ ಮುಂದೆ ಬರುತ್ತಿದ್ದದ್ದು ಇಂಥ ಕಾರ್ಖಾನೆಗಳೇ.

ಆ ಪುಸ್ತಕಗಳು ಹೇಳದಿದ್ದ ಇನ್ನೊಂದು ಉರಲ್‌ಮಾಷ್ ಎಂಬತ್ತರ ದಶಕದ ಕೊನೆಯಲ್ಲಿ ಹುಟ್ಟಿತು. ಅದರ ಕಟ್ಟಾಳುಗಳು ಕಾರ್ಖಾನೆಯ ಕೇರಿಯಲ್ಲಿ ಬೆಳೆದು, ಕ್ರೀಡಾಶಾಲೆಗಳಲ್ಲಿ ಕುಸ್ತಿ, ಬಾಕ್ಸಿಂಗ್, ಸ್ಕೀಯಿಂಗ್ ಕಲಿತ ತರುಣರು. ಮುಂದಾಳುಗಳು ಗ್ರಿಗೋರಿ ಮತ್ತು ಕಾನ್‌ಸ್ತಾಂತಿನ್ ತ್ಸಿಗನೋವ್ ಎಂಬ ಅಣ್ಣತಮ್ಮಂದಿರು. ರಷ್ಯದಲ್ಲಿ ಕಳ್ಳರಿಗೂ ಒಂದು ಹಳೆಯ ಸಂಪ್ರದಾಯವಿತ್ತು. ಜೈಲಿನಲ್ಲಿ ಪಟ್ಟ ಪಡೆದ ಹಿರಿಯ ಕಳ್ಳ ಸರ್ಕಾರದೊಡನೆ ಯಾವ ವ್ಯವಹಾರವನ್ನೂ ಇಟ್ಟುಕೊಳ್ಳಬಾರದು, ಮೈಮೇಲಿನ ಹಚ್ಚೆಯೇ ಅವನ ಬಿರುದಾವಳಿ. ಈ ಕ್ರೀಡಾಪಟುಗಳು ಆ ಕಟ್ಟಳೆಯನ್ನು ಲೆಕ್ಕಕ್ಕಿಡಲಿಲ್ಲ. ಹಚ್ಚೆಯಿಲ್ಲ, ಕುಡಿತ ಕಡಿಮೆ, ಬೆಳಗಾದರೆ ವ್ಯಾಯಾಮ. ಅವರಿಗೆ ಬೇಕಾಗಿದ್ದದ್ದು ವ್ಯಾಪಾರ.

ಸೂರು ಎಂಬ ಮಾತು

1988ರಲ್ಲಿ ಗೊರ್ಬಚೆವ್ ಸರ್ಕಾರ ಸಹಕಾರಿ ಹೆಸರಿನ ಖಾಸಗಿ ಉದ್ಯಮಗಳಿಗೆ ಕಾನೂನಿನ ಒಪ್ಪಿಗೆ ಕೊಟ್ಟಿತು. ಚಹಾದಂಗಡಿ, ಹೊಲಿಗೆಯಂಗಡಿ, ಕಾರು ರಿಪೇರಿಯ ಷೆಡ್ಡುಗಳು ತಲೆಯೆತ್ತಿದವು. 1992ರ ಜನವರಿಯಲ್ಲಿ ಬೆಲೆಗಳ ಮೇಲಿನ ಹಿಡಿತವನ್ನೂ ಸರ್ಕಾರ ಬಿಟ್ಟಿತು. ವ್ಯಾಪಾರ ಮಾಡಬಹುದು ಎಂಬ ಕಾನೂನು ಬಂತು. ಮಾಡಿದ ವ್ಯಾಪಾರವನ್ನು ಕಾಪಾಡುವ ಕಾನೂನು ಬರಲಿಲ್ಲ. ಸಾಲ ಕೊಟ್ಟವನು ಸಾಲ ವಸೂಲಿಗೆ ನ್ಯಾಯಾಲಯಕ್ಕೆ ಹೋದರೆ ತೀರ್ಪು ಬರುವಷ್ಟರಲ್ಲಿ ಹಣದ ಬೆಲೆಯೇ ಕರಗಿರುತ್ತಿತ್ತು. ಪೊಲೀಸರಿಗೆ ತಿಂಗಳ ಸಂಬಳವೇ ಸರಿಯಾಗಿ ಬರುತ್ತಿರಲಿಲ್ಲ.

ಈ ಸಂದಿನಲ್ಲಿ ನಾಲ್ಕು ಜನ ಕಟ್ಟುಮಸ್ತಾದ ಹುಡುಗರು ಅಂಗಡಿಗೆ ಬಂದು ನಯವಾಗಿಯೇ ಕೇಳುತ್ತಿದ್ದರು: ನಿಮ್ಮ ಸೂರು ಯಾರು? ರಷ್ಯನ್ ಭಾಷೆಯಲ್ಲಿ ಸೂರಿಗೆ 'ಕ್ರೀಶಾ'. ಬೆಂಗಳೂರಿನವರಿಗೆ ಮಾಮೂಲು, ಮುಂಬಯಿಯವರಿಗೆ ಹಫ್ತಾ ಎಂದರೆ ಅರ್ಥವಾಗುವ ವ್ಯವಹಾರವೇ. ಆದರೆ ಕ್ರೀಶಾ ಅದಕ್ಕಿಂತ ವಿಸ್ತಾರವಾದದ್ದು. ಲಾಭದಲ್ಲಿ ಪಾಲು ಕೊಟ್ಟವನಿಗೆ ಬೇರೆ ಗುಂಪಿನವರ ಕಾಟ ಇರಲಿಲ್ಲ. ಬಾಕಿ ಉಳಿಸಿಕೊಂಡವನಿಂದ ಹಣ ವಸೂಲಾಗುತ್ತಿತ್ತು. ಕೊಟ್ಟ ಮಾತು ತಪ್ಪಿದರೆ ಪಂಚಾಯಿತಿ ನಡೆಯುತ್ತಿತ್ತು. ನ್ಯಾಯಾಲಯ, ಪೊಲೀಸ್, ವಿಮೆ, ತೆರಿಗೆ ಇಲಾಖೆ ಎಲ್ಲವೂ ಒಂದೇ ಬಾಗಿಲಿನಲ್ಲಿ. ಸೂರು ಇಲ್ಲದವನ ಅಂಗಡಿಗೆ ಒಂದು ರಾತ್ರಿ ಬೆಂಕಿ ಬೀಳುತ್ತಿತ್ತು, ಅಷ್ಟೆ. 1994ರಲ್ಲಿ ಅಧ್ಯಕ್ಷ ಯೆಲ್ಟ್ಸಿನ್‌ರಿಗೆ ಸಲ್ಲಿಸಿದ ವರದಿಯೊಂದರ ಪ್ರಕಾರ, ದೇಶದ ಖಾಸಗಿ ಸಂಸ್ಥೆ ಮತ್ತು ಬ್ಯಾಂಕುಗಳಲ್ಲಿ ಶೇ 70ರಿಂದ 80ರಷ್ಟು ಇಂಥ ಕಪ್ಪ ಕೊಡುತ್ತಿದ್ದವು. ರಷ್ಯದ ಸಮಾಜಶಾಸ್ತ್ರಜ್ಞ ವದೀಮ್ ವೊಲ್ಕೊವ್ ಈ ಗುಂಪುಗಳ ಮೇಲೆ ಅಧ್ಯಯನ ನಡೆಸಿ 2002ರಲ್ಲಿ ಪುಸ್ತಕ ಬರೆದಾಗ ಅವರನ್ನು ಬರೀ ಕಳ್ಳರೆಂದು ಕರೆಯಲಿಲ್ಲ. ಹಿಂಸೆಯನ್ನೇ ಬಂಡವಾಳ ಮಾಡಿಕೊಂಡ ಉದ್ಯಮಿಗಳು ಎಂದು ಕರೆದರು.

ಒಂದೇ ಮನೆಗೆ ಇಬ್ಬರು ಸೂರು ಹೊದಿಸಲಾಗದು. ಯೆಕಟೆರಿನ್‌ಬರ್ಗ್‌ನಲ್ಲಿ ಉರಲ್‌ಮಾಷ್ ಗುಂಪಿಗೆ ಎದುರಾಗಿ ನಿಂತದ್ದು ನಗರದ ನಡುಭಾಗವನ್ನು ಹಿಡಿದಿದ್ದ 'ಸೆಂಟರ್' ಗುಂಪು. ಮೂರನೆಯವರು ಅಫ್ಘಾನಿಸ್ತಾನದ ಯುದ್ಧದಿಂದ ಹಿಂದಿರುಗಿದ ಮಾಜಿ ಸೈನಿಕರು. ಆ ಯುದ್ಧದಲ್ಲಿ ಮಡಿದವರ ನೆನಪಿಗೆ ನಗರದಲ್ಲಿ 'ಕರಿ ಟ್ಯುಲಿಪ್' ಎಂಬ ಸ್ಮಾರಕವಿದೆ. ತಲೆ ತಗ್ಗಿಸಿ ಕುಳಿತ ಸೈನಿಕ, ಕೈಯಲ್ಲಿ ಬಂದೂಕು. ಬದುಕಿ ಬಂದವರಲ್ಲಿ ಕೆಲವರಿಗೆ ಬಂದೂಕು ಬಿಟ್ಟು ಬೇರೆ ಕಸುಬು ಸಿಗಲಿಲ್ಲ.

1991ರ ಜೂನ್‌ನಲ್ಲಿ ಗ್ರಿಗೋರಿ ತ್ಸಿಗನೋವ್ ಗುಂಡಿಗೆ ಬಲಿಯಾದ. 1992ರ ಅಕ್ಟೋಬರ್‌ನಲ್ಲಿ ಸೆಂಟರ್ ಗುಂಪಿನ ಮುಖಂಡ ಒಲೆಗ್ ವಾಗಿನ್ ಮೂವರು ಅಂಗರಕ್ಷಕರೊಡನೆ ಮನೆಯ ಹತ್ತಿರವೇ ಸತ್ತುಬಿದ್ದ. 1993ರಲ್ಲಿ ಕಾನ್‌ಸ್ತಾಂತಿನ್ ತ್ಸಿಗನೋವ್‌ನನ್ನು ಬಂಧಿಸಿದಾಗ, ಸಂಘಟಿತ ಅಪರಾಧ ತಡೆಯುವ ಪೊಲೀಸ್ ವಿಭಾಗದ ಕಟ್ಟಡದ ಮೇಲೆಯೇ ಗ್ರೆನೇಡ್ ಲಾಂಚರಿನಿಂದ ದಾಳಿ ನಡೆಯಿತು. ಮರುವರ್ಷ ಆತ ಬಿಡುಗಡೆಯಾಗಿ ದೇಶ ಬಿಟ್ಟ. ಸೆಂಟರ್ ಗುಂಪಿನವರನ್ನು ಶಿರೋಕೊರೆಚೆನ್ಸ್‌ಕೊಯೆಯಲ್ಲಿ ಹೂಳಿದರು, ಉರಲ್‌ಮಾಷ್‌ನವರನ್ನು ತಮ್ಮ ಕೇರಿಯ ಕಡೆಗಿರುವ ಉತ್ತರದ ಸ್ಮಶಾನದಲ್ಲಿ. ಸತ್ತ ಮೇಲೂ ಊರನ್ನು ಪಾಲು ಮಾಡಿಕೊಂಡಂತಾಯಿತು.

ಮೂರು ಅಕ್ಷರದ ತಮಾಷೆ

ಗೆದ್ದದ್ದು ಉರಲ್‌ಮಾಷ್. ಗೆದ್ದವರಿಗೆ ಗುಂಡಿನ ಶಬ್ದ ಬೇಡವಾಗುತ್ತದೆ. ಹಣ ತಾಮ್ರಕ್ಕೆ, ಸ್ಪಿರಿಟ್ಟಿಗೆ, ಮಾರುಕಟ್ಟೆಗಳಿಗೆ ಹರಿಯಿತು. ಹೊಸ ನಾಯಕ ಅಲೆಕ್ಸಾಂದ್ರ್ ಖಬಾರೊವ್‌ಗೆ ಮರ್ಯಾದೆ ಬೇಕಾಗಿತ್ತು. ಪೊಲೀಸರ ಕಾಗದಗಳಲ್ಲಿ ಅವರ ಗುಂಪಿನ ಹೆಸರು 'ಓಪಿಎಸ್ ಉರಲ್‌ಮಾಷ್' ಎಂದಿತ್ತು. ಆ ಮೂರು ರಷ್ಯನ್ ಅಕ್ಷರಗಳ ಅರ್ಥ ಸಂಘಟಿತ ಅಪರಾಧಿ ಕೂಟ. 1999ರಲ್ಲಿ ಖಬಾರೊವ್ ಅದೇ ಹೆಸರಿನಲ್ಲಿ ಒಂದು ಸಂಘವನ್ನು ಕಾನೂನುಬದ್ಧವಾಗಿ ನೋಂದಾಯಿಸಿದ. ಈ ಸಲ ಅದೇ ಮೂರು ಅಕ್ಷರಗಳು ಸಾಮಾಜಿಕ-ರಾಜಕೀಯ ಸಂಘ ಎಂದಾದವು. ಪೊಲೀಸರ ಕಡತದ ಹಣೆಪಟ್ಟಿಯೇ ಸಂಘದ ಫಲಕವಾದದ್ದು ಕಂಡು ಊರಿಗೆ ಊರೇ ನಕ್ಕಿತು.

ಆದರೆ ಅದು ಬರೀ ತಮಾಷೆಯಾಗಿರಲಿಲ್ಲ. ಅದೇ ವರ್ಷ ಮಾದಕವಸ್ತು ಮಾರುವವರ ವಿರುದ್ಧ ಊರಿನಲ್ಲಿ ಚಳವಳಿ ಎದ್ದಾಗ ಉರಲ್‌ಮಾಷ್‌ನವರೂ ಜೊತೆಗೂಡಿದ್ದರು. ಸಿರಿಂಜಿಗೆ ಮಕ್ಕಳನ್ನು ಕಳೆದುಕೊಂಡಿದ್ದ ತಾಯಂದಿರಿಗೆ ಬಂದ ಸಹಾಯ ಯಾರದೆಂದು ನೋಡುವ ಸ್ಥಿತಿ ಇರಲಿಲ್ಲ. 2002ರಲ್ಲಿ ಕಾರ್ಖಾನೆಯ ಕೇರಿಯ ಜನ ಖಬಾರೊವ್‌ಗೆ ಮತ ಹಾಕಿ ನಗರಸಭೆಗೆ ಕಳಿಸಿದರು. ಪೊಲೀಸರಿಗಿಂತ ಗೂಂಡಾಗಳ ಮೇಲೆ ಜನರಿಗೆ ಹೆಚ್ಚು ಭರವಸೆ ಹುಟ್ಟಿತ್ತು ಎಂಬುದೇ ಆ ಕಾಲದ ರಷ್ಯದ ನಿಜವಾದ ದುರಂತ.

2004ರ ಡಿಸೆಂಬರ್‌ನಲ್ಲಿ ಖಬಾರೊವ್ ಬಂಧನವಾಯಿತು. 2005ರ ಜನವರಿ 27ರಂದು ಜೈಲಿನ ಕೋಣೆಯಲ್ಲಿ ಆತನ ದೇಹ ನೇಣಿನಲ್ಲಿ ತೂಗುತ್ತಿತ್ತು. ಆತ್ಮಹತ್ಯೆ ಎಂದು ಅಧಿಕಾರಿಗಳು ಹೇಳಿದರು. ಆತನ ಕಡೆಯವರು ನಂಬಲಿಲ್ಲ. ಅಲ್ಲಿಗೆ ಒಂದು ಯುಗ ಮುಗಿಯಿತು.

ಸೂರು ಕೈ ಬದಲಾಯಿಸಿತು

ಯುಗ ಮುಗಿಯಿತು, ಸೂರು ಎಲ್ಲಿಗೂ ಹೋಗಲಿಲ್ಲ. ಅದನ್ನು ಹಿಡಿದ ಕೈಗಳು ಬದಲಾದವು.

1991ರ ಕೊನೆಗೆ ಕೆಜಿಬಿಯನ್ನು ಒಡೆದು ಹಂಚಿದಾಗ ಅದರ ಸಾವಿರಾರು ಅಧಿಕಾರಿಗಳು ಹೊಸ ಕೆಲಸ ಹುಡುಕಬೇಕಾಯಿತು. 1992ರ ಮಾರ್ಚ್‌ನಲ್ಲಿ ಬಂದ ಖಾಸಗಿ ಕಾವಲು ಮತ್ತು ಪತ್ತೇದಾರಿಕೆಯ ಕಾನೂನು ಅವರಿಗೆ ದಾರಿ ತೋರಿತು. ಬ್ಯಾಂಕುಗಳು, ದೊಡ್ಡ ಕಂಪೆನಿಗಳು ಅವರನ್ನು ಕಾವಲಿಗೆ ಇಟ್ಟುಕೊಂಡವು. ಕೆಜಿಬಿಯ ಉಪಾಧ್ಯಕ್ಷರಾಗಿ ಸರ್ಕಾರದ ಟೀಕಾಕಾರರ ಬೆನ್ನು ಹತ್ತಿದ್ದ ಫಿಲಿಪ್ ಬಾಬ್ಕೊವ್ ಸ್ವತಃ 'ಮೋಸ್ತ್' ಎಂಬ ಬ್ಯಾಂಕು-ಟಿವಿ ಉದ್ಯಮದಲ್ಲಿ ನೌಕರಿ ಹಿಡಿದರು. ಇಲಾಖೆಯಲ್ಲಿ ಉಳಿದವರೂ ಕೈಕಟ್ಟಿ ಕೂರಲಿಲ್ಲ. ಪೊಲೀಸರು ಹೊದಿಸುವ ಸೂರು, ಗುಪ್ತಚರರು ಹೊದಿಸುವ ಸೂರು ಎಂದು ವ್ಯಾಪಾರಿಗಳು ವಿಂಗಡಿಸಿ ಮಾತಾಡತೊಡಗಿದರು. ಗೂಂಡಾನ ಸೂರಿಗಿಂತ ಇದು ಗಟ್ಟಿ. ಗೂಂಡಾ ಅಂಗಡಿಗೆ ಬೆಂಕಿ ಹಚ್ಚಬಲ್ಲ. ಭುಜಪಟ್ಟಿಯವನು ಮೊಕದ್ದಮೆ ಹೂಡಿ, ಕಡತಗಳನ್ನು ಹೊತ್ತೊಯ್ದು, ಅಂಗಡಿಯನ್ನೇ ಬೇರೆಯವರ ಹೆಸರಿಗೆ ಬರೆಸಬಲ್ಲ.

ಕೆಜಿಬಿಯ ರಷ್ಯದೊಳಗಿನ ಕೆಲಸಗಳನ್ನು ವಹಿಸಿಕೊಂಡ ಸಂಸ್ಥೆಗೆ 1995ರಲ್ಲಿ ಎಫ್‌ಎಸ್‌ಬಿ ಎಂಬ ಹೆಸರು ಬಂತು. 1998ರಲ್ಲಿ ಅದರ ಮುಖ್ಯಸ್ಥರಾದ ವ್ಲದೀಮಿರ್ ಪುಟಿನ್ ಮರುವರ್ಷ ಪ್ರಧಾನಿಯಾದರು, 2000ದಲ್ಲಿ ಅಧ್ಯಕ್ಷರಾದರು. ಬೀದಿಯ ಗುಂಡಿನ ಶಬ್ದ ಕಡಿಮೆಯಾಯಿತು. ಜನ ನಿಟ್ಟುಸಿರುಬಿಟ್ಟರು. ಆದರೆ 2003ರಲ್ಲಿ ಮಾಸ್ಕೋದ ಅಪರಾಧ ಪತ್ತೆ ವಿಭಾಗದ ಅಧಿಕಾರಿಗಳನ್ನೇ ವಸೂಲಿಯ ಆರೋಪದ ಮೇಲೆ ಬಂಧಿಸಿದಾಗ, 'ಭುಜಪಟ್ಟಿ ತೊಟ್ಟ ತೋಳಮಾನವರು' ಎಂಬ ಅರ್ಥದ ಮಾತು ರಷ್ಯನ್ ಪತ್ರಿಕೆಗಳ ತುಂಬ ಓಡಾಡಿತು. 2007ರಲ್ಲಿ ಮಾದಕವಸ್ತು ನಿಯಂತ್ರಣ ಇಲಾಖೆಯ ಮುಖ್ಯಸ್ಥ, ಹಳೆಯ ಕೆಜಿಬಿ ಮನುಷ್ಯ ವಿಕ್ತರ್ ಚೆರ್ಕೆಸೊವ್, ಪತ್ರಿಕೆಯಲ್ಲಿ ಲೇಖನವನ್ನೇ ಬರೆದರು. ಭದ್ರತೆಯವರು ತಮ್ಮತಮ್ಮಲ್ಲೇ ಕಾದಾಡುತ್ತಿದ್ದಾರೆ, ಯೋಧರು ವ್ಯಾಪಾರಿಗಳಾಗಬಾರದು ಎಂಬುದು ಅವರ ಅಳಲು. ಅವರ ಕೈಕೆಳಗಿನ ಜನರಲ್ ಒಬ್ಬರನ್ನು ಎಫ್‌ಎಸ್‌ಬಿ ಆಗಷ್ಟೇ ಹಿಡಿದಿತ್ತು. ಮರುವರ್ಷ ಚೆರ್ಕೆಸೊವ್ ಆ ಹುದ್ದೆ ಬಿಟ್ಟರು.

2016ರಲ್ಲಿ ಮಾಸ್ಕೋದ ಒಂದು ಫ್ಲಾಟಿನ ಬಾಗಿಲು ತೆಗೆದವರು ನೋಟಿನ ಕಟ್ಟುಗಳ ರಾಶಿ ಕಂಡು ದಂಗಾದರು. ಸುಮಾರು 800 ಕೋಟಿ ರೂಬಲ್. ಅದು ಭ್ರಷ್ಟಾಚಾರ ತಡೆಯುವ ಪೊಲೀಸ್ ವಿಭಾಗದ ಕರ್ನಲ್ ದ್ಮಿತ್ರಿ ಜಖಾರ್ಚೆಂಕೊಗೆ ಸೇರಿದ್ದೆಂದು ತನಿಖೆ ಹೇಳಿತು. 2019ರಲ್ಲಿ ಆತನಿಗೆ 13 ವರ್ಷ ಸೆರೆಯಾಯಿತು. ಅದೇ ವರ್ಷ ಸಿಕ್ಕಿಬಿದ್ದವನು ಎಫ್‌ಎಸ್‌ಬಿಯ ಕರ್ನಲ್ ಕಿರಿಲ್ ಚೆರ್ಕಾಲಿನ್. ಬ್ಯಾಂಕುಗಳ ಮೇಲೆ ಕಣ್ಣಿಡುವ ವಿಭಾಗದ ಮುಖ್ಯಸ್ಥನಾಗಿದ್ದ ಇವನಲ್ಲಿ ಸಿಕ್ಕಿದ್ದು 1,200 ಕೋಟಿ ರೂಬಲ್. 2021ರಲ್ಲಿ ಏಳು ವರ್ಷಗಳ ಶಿಕ್ಷೆ. ಆರೋಪ ಏನು? ಒಬ್ಬ ಬ್ಯಾಂಕರನಿಗೆ ರಕ್ಷಣೆ ಒದಗಿಸಲು ಲಂಚ ತಿಂದದ್ದು. ತೊಂಬತ್ತರ ದಶಕದ ಹುಡುಗರ ಬಾಯಲ್ಲಿ ಅದಕ್ಕಿದ್ದ ಹೆಸರು ಸೂರು.

ಯೆಲ್ಟ್ಸಿನ್ ಸೆಂಟರ್, ಒಂದು ಹೋಟೆಲು, ಒಂದು ವಿಮಾನ

ಇಸೆತ್ ನದಿಯ ಕೆರೆಯ ದಡದಲ್ಲಿ 2015ರಲ್ಲಿ ತೆರೆದ ಯೆಲ್ಟ್ಸಿನ್ ಸೆಂಟರ್ ಇದೆ. ರಷ್ಯದ ಮೊದಲ ಅಧ್ಯಕ್ಷರ ನೆನಪಿನ ವಸ್ತುಸಂಗ್ರಹಾಲಯ. ಅಲ್ಲಿ ಸೋವಿಯತ್ ಕೊನೆಗಾಲದ ಅಂಗಡಿಯೊಂದನ್ನು ಖಾಲಿ ಕಪಾಟುಗಳ ಸಮೇತ ಮರುಸೃಷ್ಟಿಸಿದ್ದಾರೆ. ಮಕ್ಕಳು ಅದರ ಮುಂದೆ ನಿಂತು ನಗುತ್ತಾರೆ, ಅಜ್ಜಿಯರು ನಗುವುದಿಲ್ಲ. ತೊಂಬತ್ತರ ದಶಕ ಸ್ವಾತಂತ್ರ್ಯದ ಕಾಲವೋ ಗೂಂಡಾಗಿರಿಯ ಕಾಲವೋ ಎಂಬ ಜಗಳ ಈ ಕಟ್ಟಡದ ಸುತ್ತ ಇನ್ನೂ ನಿಂತಿಲ್ಲ. ಎರಡೂ ಹೌದು ಎಂದು ಒಪ್ಪಿಕೊಳ್ಳುವುದು ಎರಡು ಕಡೆಯವರಿಗೂ ಕಷ್ಟ.

2023ರ ಮಾರ್ಚ್ 29ರಂದು ಇದೇ ಊರಿನ ಹೋಟೆಲೊಂದರಲ್ಲಿ ಅಮೆರಿಕದ 'ವಾಲ್ ಸ್ಟ್ರೀಟ್ ಜರ್ನಲ್' ಪತ್ರಿಕೆಯ ವರದಿಗಾರ ಇವಾನ್ ಗೆರ್ಷ್‌ಕೊವಿಚ್‌ರನ್ನು ಎಫ್‌ಎಸ್‌ಬಿ ಹಿಡಿಯಿತು. ಟ್ಯಾಂಕು ಕಾರ್ಖಾನೆಯ ರಹಸ್ಯ ಕದಿಯುತ್ತಿದ್ದರೆಂಬ ಆರೋಪ. ಪತ್ರಿಕೆಯೂ ಅಮೆರಿಕ ಸರ್ಕಾರವೂ ಅದನ್ನು ಅಲ್ಲಗಳೆದವು. 2024ರ ಜುಲೈ 19ರಂದು ಇಲ್ಲಿನ ನ್ಯಾಯಾಲಯ ಮುಚ್ಚಿದ ಬಾಗಿಲ ಹಿಂದೆ ವಿಚಾರಣೆ ಮುಗಿಸಿ 16 ವರ್ಷ ಶಿಕ್ಷೆ ವಿಧಿಸಿತು. ಎರಡು ವಾರ ಕಳೆಯುವ ಮೊದಲೇ, ಆಗಸ್ಟ್ 1ರಂದು, ಕೈದಿಗಳ ವಿನಿಮಯದಲ್ಲಿ ಅವರ ಬಿಡುಗಡೆಯಾಯಿತು.

ಆ ವಿನಿಮಯದಲ್ಲಿ ರಷ್ಯಕ್ಕೆ ಮರಳಿದವರಲ್ಲಿ ವದೀಮ್ ಕ್ರಾಸಿಕೊವ್ ಒಬ್ಬ. 2019ರಲ್ಲಿ ಬರ್ಲಿನ್ನಿನ ಉದ್ಯಾನವೊಂದರಲ್ಲಿ ಹಾಡುಹಗಲೇ ಚೆಚೆನ್ ಮೂಲದ ವ್ಯಕ್ತಿಯೊಬ್ಬನನ್ನು ಗುಂಡಿಟ್ಟು ಕೊಂದು, ಜರ್ಮನಿಯಲ್ಲಿ ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದವನು. ಕೊಲೆ ಮಾಡಿಸಿದ್ದು ರಷ್ಯ ಸರ್ಕಾರವೇ ಎಂದು ಅಲ್ಲಿನ ನ್ಯಾಯಾಲಯ ಹೇಳಿತ್ತು. ವಿಮಾನದ ಮೆಟ್ಟಿಲ ಬುಡದಲ್ಲಿ ಪುಟಿನ್ ಅವನನ್ನು ಅಪ್ಪಿಕೊಂಡರು. ಅವನು ಎಫ್‌ಎಸ್‌ಬಿಯವನೇ ಎಂದು ಮರುದಿನ ಕ್ರೆಮ್ಲಿನ್ ವಕ್ತಾರರು ಒಪ್ಪಿಕೊಂಡರು. ವಾಗಿನ್‌ನನ್ನು ಕೊಂದವರು ಓಡಿಹೋಗಬೇಕಾಗಿತ್ತು. ಇವನಿಗೆ ಕೆಂಪು ಹಾಸಿನ ಸ್ವಾಗತ.

ಹನ್ನೆರಡನೇ ಕಿಲೋಮೀಟರ್

ನಗರದಿಂದ ಪಶ್ಚಿಮಕ್ಕೆ ಮಾಸ್ಕೋ ಹೆದ್ದಾರಿಯಲ್ಲಿ ಹೊರಟರೆ 12ನೇ ಕಿಲೋಮೀಟರಿನ ಬಳಿ ಕಾಡಿನ ಮಧ್ಯೆ ಇನ್ನೊಂದು ಸ್ಮಶಾನ ಸಿಗುತ್ತದೆ. 1937-38ರಲ್ಲಿ ಚೆಕಿಸ್ಟರು ಗುಂಡಿಟ್ಟು ಕೊಂದವರನ್ನು ಗುಟ್ಟಾಗಿ ಹೂಳಿದ ಜಾಗ. ಐವತ್ತು ವರ್ಷ ಇಲ್ಲಿ ಕಲ್ಲೂ ಇರಲಿಲ್ಲ, ಹೆಸರೂ ಇರಲಿಲ್ಲ. 1996ರಲ್ಲಿ, ಅಂದರೆ ಶಿರೋಕೊರೆಚೆನ್ಸ್‌ಕೊಯೆಯಲ್ಲಿ ಬೆಂಜ್ ಕೀಲಿಯ ಕಲ್ಲುಗಳು ಏಳುತ್ತಿದ್ದ ಕಾಲದಲ್ಲಿಯೇ, ಇಲ್ಲಿ ಸ್ಮಾರಕ ತೆರೆದರು. ಸಾಲುಸಾಲು ಫಲಕಗಳ ಮೇಲೆ 18 ಸಾವಿರಕ್ಕೂ ಮಿಕ್ಕಿದ ಹೆಸರುಗಳು, ಅಕಾರಾದಿಯಲ್ಲಿ. ಚಿತ್ರವಿಲ್ಲ, ಸೂಟಿಲ್ಲ, ಕೀಲಿಯಿಲ್ಲ. ಈ ಊರಿನಲ್ಲಿಯೇ ಹುಟ್ಟಿದ ಶಿಲ್ಪಿ ಎರ್ನ್‌ಸ್ಟ್ ನೆಯಿಜ್ವೆಸ್ಟ್ನಿಯ ಕಂಚಿನ 'ದುಃಖದ ಮುಖವಾಡಗಳು' 2017ರಲ್ಲಿ ಇಲ್ಲಿಗೆ ಬಂತು. ಒಂದು ಮುಖ ಯುರೋಪಿನ ಕಡೆಗೆ, ಒಂದು ಏಷ್ಯದ ಕಡೆಗೆ. ಕಣ್ಣಿನಿಂದ ಇಳಿಯುವ ಹನಿಗಳೂ ಪುಟ್ಟ ಮನುಷ್ಯ ಮುಖಗಳೇ. ಶಿಲ್ಪಿ ಅದಕ್ಕೂ ಒಂದು ವರ್ಷ ಮೊದಲು ತೀರಿಕೊಂಡಿದ್ದರು.

ಎರಡು ಸ್ಮಶಾನಗಳನ್ನು ಒಂದೇ ದಿನ ನೋಡಿದವರಿಗೆ ಒಂದು ಮಾತು ಹೊಳೆಯದಿರದು. ಗೂಂಡಾಗಳು ತಮ್ಮ ಕಥೆಯನ್ನು ತಾವೇ ಕಲ್ಲಿನಲ್ಲಿ ಕೆತ್ತಿಸಿ ಹೋದರು. ಹೆಸರು, ಮುಖ, ದಿನಾಂಕ ಸಮೇತ. ಸರ್ಕಾರ ಕೊಂದವರ ಹೆಸರು ಬರೆಯಲು ಅರ್ಧ ಶತಮಾನಕ್ಕಿಂತ ಹೆಚ್ಚು ಹಿಡಿಯಿತು. ಈಗ ಸೂರು ಹಿಡಿದಿರುವವರು ಆಳೆತ್ತರದ ಚಪ್ಪಡಿ ನಿಲ್ಲಿಸುವವರಲ್ಲ. ಅವರ ಕೆಲಸ ಕಡತಗಳಲ್ಲಿ ನಡೆಯುತ್ತದೆ, ಕಡತಗಳೂ ಅವರ ಕೈಯಲ್ಲಿಯೇ ಇವೆ. ಅಂಗಡಿ ಕಳೆದುಕೊಂಡವನು, ಜೈಲಿನಲ್ಲಿ ಸತ್ತವನು, ಮುಚ್ಚಿದ ಬಾಗಿಲ ಹಿಂದೆ ಶಿಕ್ಷೆ ಹೊತ್ತವನು, ಇವರ ಲೆಕ್ಕವನ್ನು ಎಲ್ಲಿ ಓದುವುದು? ಬೀದಿಯಲ್ಲಿ ಗುಂಡು ಹಾರುವುದಿಲ್ಲ ಎಂಬುದು ದೊಡ್ಡ ನೆಮ್ಮದಿಯೇ. ಆದರೆ ಆ ನೆಮ್ಮದಿಗೆ ತೆತ್ತ ಬೆಲೆ ಎಷ್ಟೆಂದು ಕೇಳುವ ಹಕ್ಕನ್ನೂ ಆ ಬೆಲೆಯಲ್ಲಿಯೇ ಸೇರಿಸಿ ಕೊಟ್ಟಾಗಿದೆ.

ಇನ್ನೂ ಐದು ಕಿಲೋಮೀಟರ್ ಮುಂದೆ, 17ನೇ ಕಿಲೋಮೀಟರಿನಲ್ಲಿ, ಯುರೋಪ್ ಮತ್ತು ಏಷ್ಯ ಖಂಡಗಳ ಗಡಿಗಂಬವಿದೆ. ಪ್ರವಾಸಿಗಳ ಬಸ್ಸುಗಳು ನೇರ ಅಲ್ಲಿಗೇ ಹೋಗುತ್ತವೆ. ಮದುವೆಯಾದ ಜೋಡಿಗಳು ಒಂದು ಕಾಲು ಆ ಕಡೆ, ಒಂದು ಕಾಲು ಈ ಕಡೆ ಇಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಗಂಬಕ್ಕೆ ಬಣ್ಣದ ರಿಬ್ಬನ್ನು ಕಟ್ಟುತ್ತಾರೆ. ಹನ್ನೆರಡನೇ ಕಿಲೋಮೀಟರಿನಲ್ಲಿ ಇಳಿಯುವವರು ಕಡಿಮೆ. ಅಲ್ಲಿ ಒಬ್ಬ ಮುದುಕಿಯೋ ಮುದುಕನೋ ಫಲಕಗಳ ಸಾಲಿನಲ್ಲಿ ಬೆರಳು ಇಳಿಸುತ್ತ, ತಂದೆಯ ಹೆಸರಿನ ಮೊದಲ ಅಕ್ಷರ ಹುಡುಕುತ್ತ ನಿಂತಿರುವುದು ಕಾಣಬಹುದು.